ಬಾವಿಯ ಈಜು, ತೇಲುವಿಕೆಯ ಪಾಠ: ಒಂದು ಬೋಧನಾಭ್ಯಾಸದ ಮರುನೋಟ

ಪೀಠಿಕೆ

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಗುರುತ್ವಾಕರ್ಷಣೆಯ ಅಧ್ಯಾಯದ ಕೊನೆಗೆ ತೇಲುವಿಕೆ ಮತ್ತು ಆರ್ಕಿಮಿಡೀಸನ ತತ್ವ ಬರುತ್ತವೆ. ಬೋಧನಾಭ್ಯಾಸದ ಅವಧಿಯಲ್ಲಿ ಈ ಭಾಗ ನನ್ನ ಪಾಲಿಗೆ ಬಂತು. ಒಂದೇ ತರಗತಿಗೆ ಒಂದೇ ಕಲಿಕಾಂಶವನ್ನು ನಾನು ಎರಡು ಸಲ ಬೋಧಿಸಬೇಕಾಯಿತು. ಮೊದಲ ಪಾಠಕ್ಕೆ ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಷರಾ ಸಿಕ್ಕಿತ್ತು. ಹಾಗಿದ್ದರೂ ಅದನ್ನು ಮತ್ತೆ ಮಾಡಬೇಕಾದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಂತ ಬಾಲ್ಯದ ಅನುಭವವನ್ನು ಪಾಠಕ್ಕೆ ತರುವ ಸಹಪ್ರಶಿಕ್ಷಣಾರ್ಥಿಗಳಿಗೆ ಇದು ಉಪಯೋಗವಾಗಬಹುದು.

ನನ್ನ ಪೂರ್ವಾನುಭವ

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯ ಒಂದು ಹಳ್ಳಿಯಲ್ಲಿ. ಊರ ಹತ್ತಿರ ಹೊಳೆ ಇಲ್ಲ. ಕೆರೆಗೆ ನೀರು ಬರುವುದು ಎಷ್ಟೋ ವರ್ಷಕ್ಕೊಮ್ಮೆ. ಈಜು ಎಂದರೆ ನಮಗೆ ತೋಟದ ಬಾವಿ. ಹಿಂದೆ ಕಪಿಲೆ ಹೊಡೆಯುತ್ತಿದ್ದ ಆ ದೊಡ್ಡ ಬಾವಿಯ ಒಂದು ಪಕ್ಕಕ್ಕೆ ನೀರಿನವರೆಗೂ ಕಲ್ಲಿನ ಮೆಟ್ಟಿಲುಗಳಿದ್ದವು. ಬೇಸಿಗೆ ರಜೆ ಬಂತೆಂದರೆ ಊರಿನ ಹುಡುಗರೆಲ್ಲ ಅಲ್ಲಿರುತ್ತಿದ್ದರು.

ಏಳನೆಯ ವಯಸ್ಸಿನಲ್ಲಿ ನನ್ನನ್ನು ನೀರಿಗಿಳಿಸಿದವರು ಅಜ್ಜ. ಒಣಗಿದ ಕತ್ತಾಳೆ ದಿಂಡನ್ನು ಮೊಳದುದ್ದಕ್ಕೆ ಕತ್ತರಿಸಿ, ಎರಡು ತುಂಡುಗಳನ್ನು ಜೋಡಿಸಿ ನನ್ನ ಬೆನ್ನಿಗೆ ಕಟ್ಟಿದರು. ಇದನ್ನು ನಾವು ಬೆಂಡು ಎನ್ನುತ್ತಿದ್ದೆವು. ಕೆಲವರ ಮನೆಯಲ್ಲಿ ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು. ಮೊದಲ ವಾರ ಎರಡು ತುಂಡು, ಆಮೇಲೆ ಒಂದು, ಆಮೇಲೆ ಅರ್ಧ. ಒಂದು ದಿನ ಬೆಂಡು ಕಟ್ಟಿಲ್ಲ ಎಂಬುದು ಬಾವಿಯ ನಡುವೆ ಹೋದ ಮೇಲೆ ನನಗೆ ಗೊತ್ತಾಯಿತು. ಗಾಬರಿಯಲ್ಲಿ ಎರಡು ಗುಟುಕು ನೀರು ಕುಡಿದೆ, ಆದರೆ ಮುಳುಗಲಿಲ್ಲ. ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಸುತ್ತಮುತ್ತ ಕೊಳವೆ ಬಾವಿಗಳು ಹೆಚ್ಚಿ ನಮ್ಮ ಬಾವಿ ಬತ್ತಿತ್ತು.

ನೀರಿನ ವಿಷಯದಲ್ಲಿ ನನಗೆ ಕೆಲವು ಅಭ್ಯಾಸಗಳು ಇಂದಿಗೂ ಉಳಿದಿವೆ. ಯಾವ ನೀರಿಗಿಳಿಯುವ ಮೊದಲೂ ನೆತ್ತಿಗೆ, ಎದೆಗೆ ನೀರು ತಟ್ಟಿಕೊಳ್ಳುತ್ತೇನೆ. ದಡದಲ್ಲಿ ನಿಂತು ಒಂದು ಸುತ್ತು ಕಣ್ಣಾಡಿಸುತ್ತೇನೆ. ಕೆರೆ ಏರಿಯ ಮೇಲೆ ಬಸ್ಸು ಹೋಗುವಾಗ ತೂಬು ಎಲ್ಲಿದೆ, ಮೆಟ್ಟಿಲು ಎಲ್ಲಿದೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ನೀರಿಗೆ ಬೆನ್ನು ಹಾಕಿ ಕೂರುವುದಿಲ್ಲ. ಹಾಸ್ಟೆಲಿನ ಗೆಳೆಯರು ಇದನ್ನು ಕಂಡು ನಗುತ್ತಾರೆ. ನಾನೂ ಇವನ್ನು ಅರ್ಥವಿಲ್ಲದ ರೂಢಿ ಎಂದುಕೊಂಡಿದ್ದೆ.

ಮೊದಲ ಪಾಠ

ಪಠ್ಯಪುಸ್ತಕ ಈ ಭಾಗವನ್ನು ಒಂದು ಪ್ರಶ್ನೆಯಿಂದ ಆರಂಭಿಸುತ್ತದೆ: ಈಜುಕೊಳದಲ್ಲಿ ಈಜುವಾಗ ಮೈ ಹಗುರವಾದಂತೆ ಅನಿಸಿದೆಯೇ? ಬಾವಿಯಿಂದ ನೀರು ಸೇದುವಾಗ ಕೊಡ ನೀರಿನಿಂದ ಹೊರಬಂದ ಕೂಡಲೇ ಭಾರವೆನಿಸುವುದನ್ನೂ ನೆನಪಿಸುತ್ತದೆ. ನಾನು ಹೋದ ಶಾಲೆಯ ಮಕ್ಕಳು ಈಜುಕೊಳ ನೋಡಿದವರಲ್ಲ. ಅವರ ಊರಿನಲ್ಲಿ ನೀರು ಸೇದುವ ಬಾವಿಯೂ ಇಲ್ಲ, ನಲ್ಲಿ ಇದೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂಬುದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮೊದಲ ಮಾರ್ಗದರ್ಶಿ ತತ್ವ. ಹಾಗಾಗಿ ನನ್ನ ಬಾವಿಯ ಕಥೆಯನ್ನೇ ತೊಡಗಿಸಿಕೊಳ್ಳುವಿಕೆಯ ಹಂತಕ್ಕೆ ಇಟ್ಟುಕೊಂಡೆ.

ತರಗತಿಯಲ್ಲಿ 41 ಮಕ್ಕಳಿದ್ದರು, 22 ಹುಡುಗರು, 19 ಹುಡುಗಿಯರು. "ಯಾರಿಗೆಲ್ಲ ಈಜು ಬರುತ್ತೆ?" ಎಂದೆ. ಆರು ಕೈಗಳು ಮೇಲೆ ಬಂದವು, ಆರೂ ಹುಡುಗರದು. ಆಮೇಲೆ ಕಥೆ ಹೇಳಿದೆ. ಬೆಂಡು, ಮೇಲಿನ ಕಟ್ಟೆಯಿಂದ ಹಾರಿದ್ದು, ಬೆಂಡಿಲ್ಲದೆ ತೇಲಿದ್ದು. ಈಗ ಕತ್ತಾಳೆ ಬೆಂಡಿನ ಬದಲು ಎಣ್ಣೆಯ ಖಾಲಿ ಕ್ಯಾನ್ ಕಟ್ಟಿಕೊಳ್ಳಬಹುದು ಎಂದೂ ಹೇಳಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಒಬ್ಬ ಹುಡುಗ, "ಸಾರ್, ನೀವು ಎಷ್ಟು ದಿನಕ್ಕೆ ಕಲ್ತ್ರಿ?" ಎಂದ. "ಒಂದೇ ತಿಂಗಳು" ಎಂದೆ.

ನಂತರದ ಪ್ರಯೋಗ ಚೆನ್ನಾಗಿ ನಡೆಯಿತು. ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದ ಕಲ್ಲು ಗಾಳಿಯಲ್ಲಿ 500 ಗ್ರಾಂ, ನೀರಿನಲ್ಲಿ ಪೂರ್ತಿ ಮುಳುಗಿದಾಗ ಸುಮಾರು 310 ಗ್ರಾಂ ತೋರಿಸಿತು. ಹೊರಚೆಲ್ಲಿದ ನೀರನ್ನು ಅಳೆದಾಗ ಸುಮಾರು 190 ಮಿಲಿಲೀಟರ್, ಅಂದರೆ 190 ಗ್ರಾಂ. ಕಳೆದುಹೋದ ತೂಕ, ಸ್ಥಾನಪಲ್ಲಟಗೊಂಡ ನೀರಿನ ತೂಕಕ್ಕೆ ಸಮ ಎಂಬುದನ್ನು ಮಕ್ಕಳೇ ಹೇಳಿದರು. ವೀಕ್ಷಕರು "ಪೂರ್ವಾನುಭವದ ಬಳಕೆ ಉತ್ತಮ" ಎಂದು ಬರೆದರು. ಸಹಪಾಠಿ ವೀಕ್ಷಕಿಯೊಬ್ಬರು ಮಾತ್ರ "ಹುಡುಗಿಯರ ಪಾಲ್ಗೊಳ್ಳುವಿಕೆ ಕಡಿಮೆ" ಎಂದು ಗುರುತಿಸಿದ್ದರು. ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಸೋಮವಾರದ ಸುದ್ದಿ

ಪಾಠ ಗುರುವಾರ ನಡೆದದ್ದು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮುಖ್ಯ ಶಿಕ್ಷಕಿ ನನ್ನನ್ನು ಕರೆಸಿದರು. "ನಿಮ್ಮ ಪಾಠ ಮಕ್ಕಳಿಗೆ ಹಿಡಿಸಿದೆ. ನಿನ್ನೆ ಪ್ರಯೋಗಾನೂ ಮಾಡಿ ಬಂದಿದ್ದಾರೆ" ಎಂದರು. ಅವರ ದನಿಯಲ್ಲಿ ನಗು ಇರಲಿಲ್ಲ.

ಭಾನುವಾರ ಮಧ್ಯಾಹ್ನ ನನ್ನ ತರಗತಿಯ ಮೂವರು ಹುಡುಗರು ಐದು ಲೀಟರಿನ ಎರಡು ಖಾಲಿ ಕ್ಯಾನ್ ಹಿಡಿದು ಊರಾಚೆಯ ಒಂದು ಕೃಷಿ ಹೊಂಡಕ್ಕೆ ಹೋಗಿದ್ದರು. ಯಾರಿಗೂ ಈಜು ಬರುತ್ತಿರಲಿಲ್ಲ. ಇಬ್ಬರು ಕ್ಯಾನ್ ತಬ್ಬಿಕೊಂಡು ಇಳಿದರು, ಒಬ್ಬ ದಡದಲ್ಲಿ ನಿಂತ. ಸ್ವಲ್ಪ ಹೊತ್ತು ತೇಲಿದರು ಕೂಡ. ಹತ್ತಲು ಹೋದಾಗ ಕಾಲು ನಿಲ್ಲಲಿಲ್ಲ. ಹೊಂಡದ ಇಳಿಜಾರಿಗೆಲ್ಲ ಹಾಸಿದ ಪಾಲಿಥೀನ್ ಹಾಳೆಯ ಮೇಲೆ ಪಾಚಿ ಕಟ್ಟಿತ್ತು. ಹಿಡಿಯಲು ಏನೂ ಇರಲಿಲ್ಲ. ಒಬ್ಬನ ಕೈಯಿಂದ ಕ್ಯಾನ್ ಜಾರಿ ಅವನು ಇನ್ನೊಬ್ಬನನ್ನು ಹಿಡಿದುಕೊಂಡ. ದಡದಲ್ಲಿದ್ದವನ ಕೂಗು ಪಕ್ಕದ ಹೊಲದ ರೈತರಿಗೆ ಕೇಳಿಸಿತು. ಅವರು ಓಡಿಬಂದು ಡ್ರಿಪ್ ಪೈಪಿನ ಸುರುಳಿಯನ್ನು ಬಿಚ್ಚಿ ಎಸೆದು ಇಬ್ಬರನ್ನೂ ಎಳೆದರು. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಅಪಾಯವಾಗಲಿಲ್ಲ. ಆ ರೈತರು ಆ ಹೊತ್ತಿನಲ್ಲಿ ಊಟಕ್ಕೆ ಹೋಗಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲ.

ಸಂಜೆ ಒಬ್ಬ ಹುಡುಗನ ತಾಯಿಯನ್ನು ಭೇಟಿಯಾದೆ. ಬೈಯುತ್ತಾರೆಂದು ಹೆದರಿದ್ದೆ. ಅವರು ಬೈಯಲಿಲ್ಲ. "ಮೇಷ್ಟ್ರು ಹೇಳಿದ್ರು ಅಂತ ಹೋದ ಸಾರ್, ನಾವು ಹೇಳಿದ್ರೆ ಕೇಳ್ತಿರಲಿಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನೆನಪಿನ ಮರುಪರಿಶೀಲನೆ

ವಿಜ್ಞಾನ ವಿಧಾನದ ನಮ್ಮ ಉಪನ್ಯಾಸಕರು ಪ್ರತಿಫಲನ ದಿನಚರಿಯಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಯಲು ಹೇಳಿದರು: "ನೀವು ಮುಳುಗದೆ ಇದ್ದದ್ದು ಯಾಕೆ?" ಮೊದಲು "ಬೆಂಡು ಇತ್ತು, ಆಮೇಲೆ ಈಜು ಬಂತು" ಎಂದು ಬರೆದೆ. ಅವರು "ಇಷ್ಟೇನಾ?" ಎಂದು ಕೇಳಿ ಪುಸ್ತಕ ವಾಪಸು ಕೊಟ್ಟರು.

ಆ ರಾತ್ರಿ ಕೂತು ಆ ಬಾವಿಯನ್ನು ಮತ್ತೆ ನೆನೆದೆ. ಆಗ ಒಂದೊಂದೇ ಹೊರಬಂತು. ನನ್ನ ಸೊಂಟಕ್ಕೆ ಹಗ್ಗ ಕಟ್ಟಿತ್ತು, ಅದರ ತುದಿ ಅಜ್ಜನ ಕೈಯಲ್ಲಿತ್ತು. ಬೆಂಡು ಬಿಚ್ಚಿದ ದಿನವೂ ಹಗ್ಗ ಇತ್ತು. ಮೊದಲ ನಾಲ್ಕೈದು ದಿನ ಅಜ್ಜ ನೀರಿಗೇ ಇಳಿಸಲಿಲ್ಲ. ಕೊನೆಯ ಮೆಟ್ಟಿಲಿನ ಮೇಲೆ ಕೂರಿಸಿ ಮುಖ ಮುಳುಗಿಸಿ ಉಸಿರು ಬಿಡುವುದನ್ನಷ್ಟೇ ಕಲಿಸಿದರು. "ನೀರಿಗಿಳಿಯಾಕೆ ಮುಂಚೆ ಹತ್ತೋ ದಾರಿ ನೋಡ್ಕಬೇಕು ಕಣೋ" ಎಂದು ದಿನವೂ ಹೇಳುತ್ತಿದ್ದರು. ಒಬ್ಬನೇ ಹೋದದ್ದು ಗೊತ್ತಾದರೆ ಹುಣಸೆ ಬರಲು ಕಾದಿರುತ್ತಿತ್ತು. ಬಾವಿಯಲ್ಲಿ ಯಾವಾಗಲೂ ಈಜು ಬಲ್ಲ ದೊಡ್ಡ ಹುಡುಗರು ನಾಲ್ಕೈದು ಜನ ಇರುತ್ತಿದ್ದರು.

ಇದರಲ್ಲಿ ಒಂದನ್ನೂ ನಾನು ತರಗತಿಯಲ್ಲಿ ಹೇಳಿರಲಿಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ, ನನಗೇ ನೆನಪಿಗೆ ಬಂದಿರಲಿಲ್ಲ. ಹಾರಿದ್ದು, ತೇಲಿದ್ದು ಕಥೆಯಾಗಿ ಉಳಿದಿತ್ತು. ಹಗ್ಗ, ಮೆಟ್ಟಿಲು, ಅಜ್ಜನ ಮಾತು ನನ್ನ ಮೈಗೆ ಅಭ್ಯಾಸವಾಗಿ ಸೇರಿಹೋಗಿದ್ದವು. ಕೆರೆ ಏರಿಯ ಮೇಲೆ ನನ್ನ ಕಣ್ಣು ಮೆಟ್ಟಿಲು ಹುಡುಕುವುದು ಅಜ್ಜನ ಆ ಪಾಠವೇ ಎಂದು ಆ ರಾತ್ರಿ ಹೊಳೆಯಿತು. ಅಭ್ಯಾಸವಾಗಿಬಿಟ್ಟ ತಿಳಿವಳಿಕೆ ನೆನಪು ಹೇಳುವಾಗ ಬಾಯಿಗೆ ಬರುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಮೊದಲು ಬೇಕಾದದ್ದು ಮಾತ್ರ ಅದೇ.

ಇನ್ನೊಂದು ವಿಷಯವೂ ತಿಳಿಯಿತು. ನನ್ನ ಬಾಲ್ಯದ ನೀರೇ ಈ ಮಕ್ಕಳ ನೀರಲ್ಲ. 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಒಣಭೂಮಿಯ ಹೊಲಗಳಲ್ಲಿ ಹೊಂಡಗಳು ಬಂದವು. ಬೆಳೆಗೆ ಅವು ದೊಡ್ಡ ಆಸರೆ. ಹುಡುಗರು ಇಳಿದ ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ್ದು. ನೀರು ಇಂಗದಿರಲೆಂದು ಹಾಸಿದ ಹಾಳೆಯೇ ಹತ್ತುವವನ ಕಾಲನ್ನೂ ಜಾರಿಸುತ್ತದೆ. ಬಾವಿಗೆ ಮೆಟ್ಟಿಲಿತ್ತು, ಸುತ್ತ ಜನರಿದ್ದರು. ಹೊಂಡಕ್ಕೆ ಎರಡೂ ಇಲ್ಲ. ಬಾವಿಗಳು ಬತ್ತಿದ ಮೇಲೆ ಈಜು ಕಲಿಸುವ ಹಿರಿಯರೂ ಇಲ್ಲವಾಗಿದ್ದಾರೆ.

ಎರಡನೆಯ ಪಾಠದ ಯೋಜನೆ

ಮುಖ್ಯ ಶಿಕ್ಷಕಿ ಎರಡು ಅವಧಿಗಳನ್ನು ಒಟ್ಟಿಗೆ ಕೊಟ್ಟರು. ಮಕ್ಕಳನ್ನು ಹೆದರಿಸಿ "ನೀರಿನ ಹತ್ತಿರ ಹೋಗಬೇಡಿ" ಎಂದಷ್ಟೇ ಹೇಳುವುದು ಬೇಡ ಎಂದು ತೀರ್ಮಾನಿಸಿದೆವು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು, ಜಲಸುರಕ್ಷತೆ ಮತ್ತು ತಾವು ಅಪಾಯಕ್ಕೆ ಸಿಲುಕದೆ ಇನ್ನೊಬ್ಬರನ್ನು ಉಳಿಸುವ ಕೌಶಲ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅದರ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ.

ಯೋಜನೆಯ ಹಂತಗಳು ಹೀಗಿದ್ದವು:

1. ತೊಡಗಿಸಿಕೊಳ್ಳುವಿಕೆ: "ನೀರಿನಲ್ಲಿ ಏನೇನು ತೇಲುವುದನ್ನು, ಏನೇನು ಮುಳುಗುವುದನ್ನು ನೋಡಿದ್ದೀರಿ?" ಎಂಬ ಪ್ರಶ್ನೆ. ಈಜು ಬರುವವರು ಯಾರೆಂದು ಕೇಳುವುದಿಲ್ಲ.

2. ಪರಿಶೋಧನೆ: ಸಿಪ್ಪೆ ಇರುವ ಮತ್ತು ಸಿಪ್ಪೆ ಸುಲಿದ ಕಿತ್ತಳೆ, ಊಟದ ಡಬ್ಬಿ, ಕಲ್ಲು ಮತ್ತು ದಾರ, ಮುಚ್ಚಳ ಹಾಕಿದ ಮತ್ತು ಹಾಕದ ಖಾಲಿ ಬಾಟಲಿ.

3. ವಿವರಿಸುವಿಕೆ: ಮನುಷ್ಯನ ದೇಹದ ಸಾಂದ್ರತೆ ಮತ್ತು ಮೇಲ್ಮುಖ ಬಲ.

4. ವಿಸ್ತರಿಸುವಿಕೆ: ನಮ್ಮೂರಿನ ನೀರಿನ ತಾಣಗಳ ನಕ್ಷೆ, ದಡದಿಂದಲೇ ಉಳಿಸುವ ವಿಧಾನ.

5. ಮೌಲ್ಯಮಾಪನ: ಒಂದು ಸನ್ನಿವೇಶ ಕೊಟ್ಟು, "ನೀವು ಏನು ಮಾಡುತ್ತೀರಿ? ವಿಜ್ಞಾನದ ಕಾರಣವೇನು?" ಎಂದು ಬರೆಸುವುದು.

ಪಾಠ ನಡೆದ ಬಗೆ

ಪ್ರಶ್ನೆ ಬದಲಾದದ್ದಕ್ಕೆ ತರಗತಿಯೇ ಬದಲಾಯಿತು. ಹಿಂದಿನ ಪಾಠದಲ್ಲಿ ಸುಮ್ಮನಿದ್ದ ಹುಡುಗಿಯರ ಸಾಲಿನಿಂದಲೇ ಹೆಚ್ಚು ಉತ್ತರ ಬಂತು. ತೆಂಗಿನಕಾಯಿ, ಚಪ್ಪಲಿ, ಧಾನ್ಯ ತೊಳೆಯುವಾಗ ಮೇಲೆ ಬರುವ ಜೊಳ್ಳು. ಒಬ್ಬಳು, "ತೊಟ್ಟಿಗೆ ಕೊಡಾನ ಬಾಯಿ ಕೆಳಗೆ ಮಾಡಿ ಒತ್ತಿದ್ರೆ ಮುಳುಗಲ್ಲ ಸಾರ್, ಕೈನೇ ಮೇಲಕ್ಕೆ ನೂಕುತ್ತೆ. ವಾರೆ ಮಾಡಿದ್ರೆ ಗುಳುಗುಳು ಅಂತ ಗಾಳಿ ಹೋಗಿ ನೀರು ತುಂಬ್ಕಳುತ್ತೆ" ಎಂದಳು. ಮೇಲ್ಮುಖ ಬಲವನ್ನು ದಿನವೂ ಕೈಯಲ್ಲಿ ಅನುಭವಿಸುವವರು ಅವರು. ಮೊದಲ ಪಾಠದಲ್ಲಿ ಈಜಿನ ಬಾಗಿಲಿನಿಂದ ಮಾತ್ರ ಒಳಗೆ ಕರೆದು ನಾನು ಅವರನ್ನು ಹೊರಗೆ ನಿಲ್ಲಿಸಿದ್ದೆ.

ಕಿತ್ತಳೆಯ ಪ್ರಯೋಗದಲ್ಲಿ ಸಿಪ್ಪೆಯಿದ್ದದ್ದು ತೇಲಿತು, ಸುಲಿದದ್ದು ಮುಳುಗಿತು. ತೂಕ ಕಡಿಮೆಯಾದರೂ ಮುಳುಗಿದ್ದೇಕೆ ಎಂಬ ಚರ್ಚೆಯಿಂದ ಸಾಂದ್ರತೆಯ ಕಲ್ಪನೆ ತಾನಾಗಿ ಬಂತು. ಸಿಪ್ಪೆಯೊಳಗಿನ ಗಾಳಿಯನ್ನು ಮಕ್ಕಳೇ ಬೆಂಡಿಗೆ ಹೋಲಿಸಿದರು.

ಅತ್ಯಂತ ಉಪಯುಕ್ತವಾದದ್ದು ಊಟದ ಡಬ್ಬಿಯ ಪ್ರಯೋಗ. ಬಕೆಟ್ಟಿನ ನೀರಿನಲ್ಲಿ ತೇಲುವ ಡಬ್ಬಿಯೊಳಗೆ ಕಲ್ಲಿಟ್ಟಾಗ ಅದು ಎಲ್ಲಿಯವರೆಗೆ ಮುಳುಗುತ್ತದೆ ಎಂದು ಗುರುತು ಮಾಡಿದೆವು. ಅದೇ ಕಲ್ಲನ್ನು ದಾರದಿಂದ ಡಬ್ಬಿಯ ಕೆಳಗೆ ನೀರಿನಲ್ಲಿ ತೂಗುಬಿಟ್ಟಾಗ ಡಬ್ಬಿ ಮೊದಲಿಗಿಂತ ಮೇಲೆ ನಿಂತಿತು. ನೀರಿನೊಳಗಿರುವ ಕಲ್ಲನ್ನು ನೀರೂ ಸ್ವಲ್ಪ ಹೊರುತ್ತದೆ. ನೀರಿನ ಹೊರಗಿರುವ ಕಲ್ಲಿನ ಭಾರವೆಲ್ಲ ಡಬ್ಬಿಯ ಮೇಲೇ ಬೀಳುತ್ತದೆ.

ಇದನ್ನು ದೇಹಕ್ಕೆ ಅನ್ವಯಿಸಿದೆವು. ನಮ್ಮ ದೇಹದ ಸರಾಸರಿ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಶ್ವಾಸಕೋಶದ ತುಂಬ ಗಾಳಿಯಿದ್ದಾಗ ಸ್ವಲ್ಪ ಕಡಿಮೆ, ಉಸಿರು ಪೂರ್ತಿ ಬಿಟ್ಟಾಗ ಸ್ವಲ್ಪ ಹೆಚ್ಚು. ಹಾಗಾಗಿ ದೇಹದ ತೀರ ಸಣ್ಣ ಭಾಗ ಮಾತ್ರ ನೀರಿನ ಮೇಲೆ ಉಳಿಯಬಲ್ಲದು. ಆ ಸಣ್ಣ ಭಾಗ ಮೂಗು, ಬಾಯಿ ಆಗಿರುವಂತೆ ನೋಡಿಕೊಳ್ಳುವುದೇ ತೇಲುವ ಉಪಾಯ. 40 ಕೆ.ಜಿ. ತೂಕದ ಹುಡುಗನ ಎರಡು ತೋಳು ಸೇರಿ ಸುಮಾರು 4 ಕೆ.ಜಿ. ಇರುತ್ತವೆ. ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿ ಕೂಗಿದರೆ ಆ 4 ಕೆ.ಜಿ. ಭಾರ ಡಬ್ಬಿಯೊಳಗಿನ ಕಲ್ಲಿನಂತೆ ಅವನನ್ನು ಕೆಳಗೆ ಒತ್ತುತ್ತದೆ. ಅಂಗಾತ ಮಲಗಿ, ಕಿವಿಯವರೆಗೆ ತಲೆಯನ್ನು ನೀರಿಗೆ ಒಪ್ಪಿಸಿ, ಕೈಗಳನ್ನು ನೀರಿನೊಳಗೇ ಚಾಚಿದರೆ ನೀರೇ ಹೊರುತ್ತದೆ. ಹೊಂಡಕ್ಕಿಳಿದಿದ್ದ ಹುಡುಗರಲ್ಲೊಬ್ಬ ಮೆಲ್ಲಗೆ, "ನಾನು ಎರಡೂ ಕೈ ಎತ್ತಿದ್ದೆ ಸಾರ್" ಎಂದ. ತರಗತಿಯಲ್ಲಿ ಯಾರೂ ನಗಲಿಲ್ಲ.

ಕ್ಯಾನಿನ ಲೆಕ್ಕವನ್ನೂ ಮಾಡಿದೆವು. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನ್ ಪೂರ್ತಿ ಮುಳುಗಿದರೆ 5 ಕೆ.ಜಿ. ನೀರನ್ನು ತಳ್ಳುತ್ತದೆ. ತನ್ನ ತೂಕ ಕಳೆದು ಸುಮಾರು ನಾಲ್ಕೂಮುಕ್ಕಾಲು ಕೆ.ಜಿ.ಯಷ್ಟು ಭಾರ ಹೊರಬಲ್ಲದು. ಒಬ್ಬರ ತಲೆಯನ್ನು ನೀರಿನ ಮೇಲಿಡಲು ಅದು ಸಾಕು, ಕೈಯಲ್ಲಿ ಉಳಿದರೆ ಮಾತ್ರ. ಮುಚ್ಚಳ ಸಡಿಲವಿದ್ದರೆ ಅದು ಬರೀ ನೀರು ತುಂಬುವ ಪಾತ್ರೆ. ಆದ್ದರಿಂದ ಕ್ಯಾನ್ ಇರಬೇಕಾದದ್ದು ಈಜು ಬಾರದವನನ್ನು ನೀರಿಗಿಳಿಸಲು ಅಲ್ಲ, ಹಗ್ಗ ಕಟ್ಟಿ ದಡದಿಂದ ಎಸೆಯಲು. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಅದರಾಚೆ ಕೂತ "ಮುಳುಗುತ್ತಿರುವವನಿಗೆ" ಹಗ್ಗ ಕಟ್ಟಿದ ಕ್ಯಾನ್ ಎಸೆಯುವ ಅಭ್ಯಾಸ ಮಾಡಿಸಿದೆ. ಖಾಲಿ ಕ್ಯಾನ್ ಗಾಳಿಗೆ ಅತ್ತಿತ್ತ ಹೋಗುತ್ತದೆ, ಒಳಗೆ ಒಂದು ಲೋಟ ನೀರು ಹಾಕಿದರೆ ಗುರಿಗೆ ಬೀಳುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು. ಎಸೆಯುವವರು ಮಲಗಿ ಅಥವಾ ಕೂತು ಎಳೆಯಬೇಕು, ನೀರಿಗೆ ಹಾರಬಾರದು, ಮೊದಲು ಕೂಗಿ ದೊಡ್ಡವರನ್ನು ಕರೆಯಬೇಕು, 108ಕ್ಕೆ ಕರೆ ಮಾಡಿಸಬೇಕು, ಹೊರತೆಗೆದವರ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬಾರದು ಎಂಬ ಅಂಶಗಳು ಕಪ್ಪುಹಲಗೆಯ ಮೇಲೆ ಬಂದವು.

ಕೊನೆಗೆ ನನ್ನ ಬಾವಿಯ ಕಥೆಯನ್ನು ಮತ್ತೆ ಹೇಳಿದೆ, ಈ ಸಲ ಹಗ್ಗದಿಂದ ಆರಂಭಿಸಿ. ಮೊದಲ ಸಲ ಅದನ್ನು ಬಿಟ್ಟದ್ದು ನನ್ನ ತಪ್ಪು ಎಂದೂ ಹೇಳಿದೆ. ಶಿಕ್ಷಕ ತಪ್ಪು ಒಪ್ಪಿಕೊಂಡರೆ ಮಕ್ಕಳ ಎದುರು ಸಣ್ಣವನಾಗುತ್ತೇನೆಂಬ ಅಳುಕಿತ್ತು. ಹಾಗೇನೂ ಆಗಲಿಲ್ಲ.

ಕಂಡುಕೊಂಡ ಅಂಶಗಳು

ಮೌಲ್ಯಮಾಪನದಲ್ಲಿ ಕೊಟ್ಟ ಸನ್ನಿವೇಶ: ಗೆಳೆಯ ಹೊಂಡಕ್ಕೆ ಜಾರಿದ್ದಾನೆ, ನೀವೊಬ್ಬರೇ ಇದ್ದೀರಿ. ಹಾಜರಿದ್ದ 39 ಮಕ್ಕಳಲ್ಲಿ 34 ಮಂದಿ ದಡದಿಂದ ಏನನ್ನಾದರೂ ಎಸೆಯುವ ಅಥವಾ ಚಾಚುವ ಉತ್ತರ ಬರೆದರು. ಐದು ಮಂದಿ ಇನ್ನೂ "ಹಾರಿ ಉಳಿಸುತ್ತೇನೆ" ಎಂದೇ ಬರೆದಿದ್ದರು, ಅವರಲ್ಲಿ ಇಬ್ಬರು ಈಜು ಬಲ್ಲವರು. ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಕೈ ಎತ್ತಿದರೆ ಮುಳುಗುವುದೇಕೆ ಎಂಬುದಕ್ಕೆ ಸರಿಯಾದ ಕಾರಣ ಬರೆದವರು 27. ಪಾಠ ಪೂರ್ಣ ಯಶಸ್ವಿ ಎಂದು ನಾನು ಹೇಳಲಾರೆ. ಅಂಗಳದಲ್ಲಿ ಕಲಿತದ್ದು ನೀರಿನ ಎದುರು ಎಷ್ಟು ನಿಲ್ಲುತ್ತದೆ ಎಂಬುದಕ್ಕೆ ತರಗತಿಯ ಅಂಕಗಳು ಸಾಕ್ಷಿಯಲ್ಲ. ತೇಲುವುದನ್ನು ನೀರಿನಲ್ಲೇ, ಬಲ್ಲವರ ಕೈಯಲ್ಲೇ ಕಲಿಯಬೇಕು.

ಮಕ್ಕಳು ಮಾಡಿದ ನಕ್ಷೆಯಲ್ಲಿ ಊರಿನ ಸುತ್ತ 9 ಕೃಷಿ ಹೊಂಡ, 1 ಕಲ್ಲು ಕ್ವಾರಿ ಗುಂಡಿ, 1 ಕೆರೆ ಕಂಡವು. ಬೇಲಿ ಇದ್ದದ್ದು ಎರಡಕ್ಕೆ ಮಾತ್ರ. ಕನ್ನಡ ಶಿಕ್ಷಕರು ಅದನ್ನು ಪತ್ರಲೇಖನದ ಪಾಠಕ್ಕೆ ಬಳಸಿ, ಹೊಂಡದ ಮಾಲೀಕರಿಗೆ ಮಕ್ಕಳಿಂದ ಮನವಿ ಬರೆಸಿದರು. ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ಹೊಂಡದೊಳಕ್ಕೆ ಬಿಡಿ ಎಂಬುದಷ್ಟೇ ಬೇಡಿಕೆ. ನಾನು ಆ ಶಾಲೆ ಬಿಡುವ ಹೊತ್ತಿಗೆ ಮೂರು ಹೊಂಡಗಳಲ್ಲಿ ಹಗ್ಗ ಬಂದಿತ್ತು. ಮೊದಲು ಕಟ್ಟಿದವರು ಡ್ರಿಪ್ ಪೈಪು ಎಸೆದ ಆ ರೈತರ ಮಾತು ಕೇಳಿದ ಹೊಂಡದ ಯಜಮಾನರೇ.

ಸಹಪ್ರಶಿಕ್ಷಣಾರ್ಥಿಗಳಿಗೆ

ಸ್ವಂತ ಅನುಭವವನ್ನು ಪಾಠಕ್ಕೆ ತರಬೇಡಿ ಎಂದು ನಾನು ಹೇಳುವುದಿಲ್ಲ. ಮಕ್ಕಳು ನನ್ನ ಕಥೆಯನ್ನು ಎಷ್ಟು ನಂಬಿದರೆಂಬುದಕ್ಕೆ ಆ ಭಾನುವಾರವೇ ಸಾಕ್ಷಿ. ತರುವ ಮೊದಲು ಪಾಠ ಯೋಜನೆಯ ಅಂಚಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಆಗ ನನ್ನನ್ನು ಕಾಯುತ್ತಿದ್ದವರು ಯಾರು? ನಾನು ಯೋಚಿಸದೆಯೇ ಮಾಡುವ ಯಾವ ಅಭ್ಯಾಸ ಆ ಅನುಭವದಿಂದ ಬಂದದ್ದು? ಈ ಮಕ್ಕಳು ಇದನ್ನು ಇಂದೇ ಮಾಡಹೊರಟರೆ ಎಲ್ಲಿಗೆ ಹೋಗುತ್ತಾರೆ?

ಮೂರನೆಯ ಪ್ರಶ್ನೆಯನ್ನು ಅಂದು ಕೇಳಿಕೊಂಡಿದ್ದರೆ ಉತ್ತರ ನನಗೆ ಸಿಗುತ್ತಿತ್ತು. ಶಾಲೆಗೆ ಬರುವ ದಾರಿಯಲ್ಲಿ ಆ ಹೊಂಡವನ್ನು ನಾನು ದಿನವೂ ನೋಡುತ್ತಿದ್ದೆ. ಹತ್ತುವ ದಾರಿಯನ್ನು ಕಣ್ಣು ಹುಡುಕಿತ್ತು, ಕಂಡಿರಲಿಲ್ಲ.